ಖೋಲಿಗೊಂದು ಮೀಟರ್ ಹಾಕಿಸ್ರಿ

ಸಂಪಾದಕರಿಗೆ ಶರಣು,

ಕಲಬುರಗಿ ಸೇಡಂ ರೋಡ್ ಕಡೆ ನಮ್ಮನಿ, ಹಿಂದ ಮೂರು ಖೋಲಿ ಕಿರಾಯಿಗಿ ಕೊಟ್ಟೀನಿ. ನಮ್ಮನಿಯವರು ಶಹಾಬಾದ್ ಪರ್ಸಿ ಹಾಕಿಸಿ ಕಟ್ಟಿಸಿದ್ದು, ಅವರು ಹೋದ ಮ್ಯಾಲ ಆ ಕಿರಾಯಿ ಮ್ಯಾಲೇ ನನ್ನ ಸಂಸಾರ ನಡೀತದ. ನಮ್ಮಂಗ ಎರಡು ಮೂರು ಖೋಲಿ ಇಟ್ಕೊಂಡ ಮಾಲಕರಿಗಿ ಒಂದು ಮಾತು ಹೇಳಬೇಕಂತ ಬರೀಲಿಕತ್ತೀನಿ.

ಮೊದಲ ಎಲ್ಲಾ ಖೋಲಿಗಿ ನಮ್ಮ ಮೀಟರಿಂದಲೇ ಲೈನ್ ಇತ್ತು, ಒಳಗ ಸಬ್ ಮೀಟರ್ ಹಚ್ಚಿದ್ವಿ. ತಿಂಗಳಾ ಒಂದನೇ ತಾರೀಖಿಗಿ ನಾ ಮೊಬೈಲ್ ಲೈಟ್ ಹಿಡಕೊಂಡು ರೀಡಿಂಗ್ ನೋಡಾದು, ನಡುವಿನ ಖೋಲಿ ಹುಡುಗಿ ಬಾಗಲ ಹಿಂದ ಚಾಕ್ ಖಡುಲಿಂದ ತನ್ನ ಲೆಕ್ಕ ಬರಕೊಂಡಿರಾದು, ಎರಡೂ ಲೆಕ್ಕ ಒಂದಿನಾನೂ ಕೂಡಲಿಲ್ಲ. 2023ರಾಗ ಸರಕಾರದ ಗೃಹಜ್ಯೋತಿ ಬಂತು ನೋಡ್ರಿ, ಒಂದು ಮೀಟರಿಗಿ ತಿಂಗಳಿಗಿ 200 ಯೂನಿಟ್ ಒಳಗ ಇದ್ರ ಫ್ರೀ ಕರೆಂಟ್ ಕೊಡೋ ಯೋಜನೆ, ಆಗ ಆಕಿ, "ಅಮ್ಮಾರ, ಊರಿಗೆಲ್ಲಾ ಕರೆಂಟ್ ಫ್ರೀ ಅದ, ನಮಗ್ಯಾಕ ರೊಕ್ಕ?" ಅಂತ ಕೇಳಿದ್ಳು. ನನ್ನ ಹತ್ರ ಜವಾಬ್ ಇರಲಿಲ್ಲ.

ನಮ್ಮೂರ ಬ್ಯಾಸಿಗಿ ನಿಮಗ ಗೊತ್ತೇ ಅದ, 42-43 ಡಿಗ್ರಿ, ಕೂಲರ್ ಇಲ್ಲಂದ್ರ ಸಣ್ಣ ಮಕ್ಕಳು ಮಲಗಂಗಿಲ್ಲ. 200 ವ್ಯಾಟಿನ ಕೂಲರ್ ದಿನಾ ಹತ್ತು ತಾಸು ಓಡಿದ್ರ ಎರಡು ಯೂನಿಟ್, ತಿಂಗಳಿಗಿ 60 ಆಯ್ತು, ಮ್ಯಾಲ ಫ್ಯಾನು ಫ್ರಿಜ್ಜು ಟೀವಿ, ಒಂದೊಂದು ಖೋಲಿಗಿ ನೂರು ಸಹಜ ದಾಟತದ. ಮೂರು ಖೋಲಿ, ನಮ್ಮನಿ ಎಲ್ಲಾ ಒಂದೇ ಮೀಟರಿಗಿ ಬಿದ್ರ 200 ಎಲ್ಲೋ ಹಿಂದ ಉಳಿತದ, 200 ದಾಟಿದ್ರ ಪೂರ್ತಿ ಬಿಲ್ ಕಟ್ಟಬೇಕು, ಅಲ್ಲಿಗಿ ಯಾರಿಗೂ ಏನೂ ಸಿಗಂಗಿಲ್ಲ.

ಅದಕ್ಕ ಹೋದ ವರ್ಷ ಖೋಲಿಗೊಂದು ಮೀಟರ್ ಹಾಕಿಸಿದೆ. ವೈರಿಂಗ್ ಬ್ಯಾರೆ ಮಾಡಿಸಬೇಕು, ಡಿಪಾಜಿಟ್ ತುಂಬಬೇಕು, ಎಲ್ಲಾ ಸೇರಿ ಖೋಲಿಗಿ ಎರಡು ತಿಂಗಳ ಕಿರಾಯಿ ಹೋಯ್ತು, ಹೋದ್ರ ಹೋಗಲಿ. ಗೃಹಜ್ಯೋತಿದಾಗ ಮೀಟರಿನ ಹಳೇ ಸರಾಸರಿ ನೋಡಿ ಎಷ್ಟು ಯೂನಿಟ್ ಫ್ರೀ ಅಂತ ಹಿಡೀತಾರ, ಹೊಸ ಮೀಟರಿಗಿ ಆ ಸರಾಸರಿ ಇರಂಗಿಲ್ಲಲ್ಲ, ಅದಕ್ಕ ರಾಜ್ಯದ ಸರಾಸರಿ 53 ಯೂನಿಟ್, ಮ್ಯಾಲ ಹತ್ತು ಪರ್ಸೆಂಟ್, ಹಿಂಗ 58 ಯೂನಿಟ್ ಫ್ರೀ ಅಂತ ಹಿಡದಾರ. ಜಾಸ್ತಿ ಉರಿಸಿದ್ರ 200ರ ತನಕ ಆ ಜಾಸ್ತಿ ಯೂನಿಟಿಗಷ್ಟೇ ರೊಕ್ಕ. ಈಗ ಆ ಹುಡುಗಿ ತನ್ನ ಬಿಲ್ ತಾನೇ ನೋಡ್ತಾಳ, ಖಡುಲಿಂದ ಬರಿಯಾದು ಬಿಟ್ಟಾಳ.

ಕೆಲವು ಮಾಲಕರು ಸಬ್ ಮೀಟರ್ ಇಟ್ಟು ಯೂನಿಟಿಗಿ ಹತ್ತು ರೂಪಾಯಿ ತಗೊಂತಾರ, ದರ ನೋಡಿದ್ರ ಆರು ರೂಪಾಯಿ ಆಜೂಬಾಜೂ ಅದ, ಫಿಕ್ಸೆಡ್ ಚಾರ್ಜ್ ಬ್ಯಾರೆ ಇರತದ ಖರೆ, ಆದ್ರೂ ಅಷ್ಟು ಆಗಂಗಿಲ್ಲ. ದಿನಗೂಲಿ ಮಾಡಿ ಬದುಕೋರ ಹತ್ರ ಅದು ತಗೋಬಾರದು ಅಂತ ಕೈ ಮುಗಿದು ಕೇಳ್ತೀನಿ.

ಇನ್ನೊಂದು, ಕಿರಾಯಿದಾರರು ಗೃಹಜ್ಯೋತಿ ಸಲುವಾಗಿ ತಮ್ಮ ಆಧಾರ್ ಮೀಟರಿಗಿ ಜೋಡಿಸಬೇಕಾದ್ರ ಕಿರಾಯಿ ಅಗ್ರಿಮೆಂಟ್ ಕೇಳ್ತಾರ. ನಮ್ಮ ಕಡೆ ಭಾಳ ಮಂದಿ ಬರೇ ಬಾಯಿ ಮಾತಿನ ಮ್ಯಾಲ ಖೋಲಿ ಕೊಡ್ತಾರ, ಬರದು ಕೊಟ್ರ ಖೋಲಿ ಕೈ ಬಿಟ್ಟು ಹೋಗತದ ಅಂತ ಅಂಜಿಕಿ. ಹಂಗೇನಿಲ್ರಿ, ವರ್ಷಕ್ಕಿಂತ ಜಾಸ್ತಿ ಇದ್ರ ರಿಜಿಸ್ಟರ್ ಮಾಡಿಸಬೇಕಾಗತದ, ಅದಕ್ಕೇ ಎಲ್ಲರೂ 11 ತಿಂಗಳಿಂದು ಮಾಡಿಸ್ತಾರ. ಕಾಗದ ಇದ್ರ ಅವರಿಗಷ್ಟೇ ಅಲ್ಲ, ನಮಗೂ ಆಧಾರ.

ಮತ್ತ ಯಾರಾದ್ರೂ ಖೋಲಿ ಬಿಡೋ ಮುಂದ, ಡಿಪಾಜಿಟ್ ವಾಪಸ್ ಕೊಡೋಕಿಂತ ಮೊದಲೇ ಸರಕಾರದ ಸೇವಾಸಿಂಧು ವೆಬ್‌ಸೈಟಿನಾಗ ಮೀಟರಿಂದ ಅವರ ಆಧಾರ್ ಡಿ-ಲಿಂಕ್ ಮಾಡಿಸಿಕೊಳ್ರಿ, ಅಂದ್ರ ಬಿಡಿಸಿಕೊಳ್ರಿ. ನಾ ಒಮ್ಮೆ ಮರತು, ಊರು ಬಿಟ್ಟು ಹೋದವರಿಗಿ ಫೋನ್ ಮಾಡಿ ಮಾಡಿ ಸಾಕಾಗಿ, ಹೊಸದಾಗಿ ಬಂದವರು ಎರಡು ತಿಂಗಳು ಸುಮ್ಮನ ಪೂರ್ತಿ ಬಿಲ್ ಕಟ್ಟಿದ್ರು.

ಇತಿ,
ಮೂರು ಖೋಲಿ ಮಾಲಕಿ, ಕಲಬುರಗಿ