ರಟ್ಲೆಂಡ್ ವಾಟರ್ ನೋಡಿ ಬಂದೆ

ಲೆಸ್ಟರ್
ಜೂನ್ ಕೊನೆಯ ಭಾನುವಾರ

ಪ್ರೀತಿಯ ಅಪ್ಪ, ಅಮ್ಮ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ನೀವೂ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ಮೊನ್ನೆ ಫೋನಿನಲ್ಲಿ "ಒಂದು ದೊಡ್ಡ ಕೆರೆಗೆ ಹೋಗ್ತಿದ್ದೀನಿ" ಅಂದಿದ್ದೆ ಅಲ್ವಾ? ಅದು ಕೆರೆಯಲ್ಲ, ಜಲಾಶಯ. ಹೆಸರು ರಟ್ಲೆಂಡ್ ವಾಟರ್. ನಿನ್ನೆ ಇಡೀ ದಿನ ಅಲ್ಲೇ ಇದ್ದೆ. ಫೋನಿನಲ್ಲಿ ಹೇಳಿದರೆ ಅರ್ಧವೇ ಹೇಳಿದಂತಾಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ನೀರಿನ ಹರವಿನಲ್ಲಿ ಇಂಗ್ಲೆಂಡಿಗೇ ದೊಡ್ಡ ಜಲಾಶಯ ಇದು. ಹತ್ತು ಚದರ ಕಿಲೋಮೀಟರ್‌ಗಿಂತಲೂ ಹೆಚ್ಚು. 1970ರ ದಶಕದಲ್ಲಿ ಗ್ವಾಶ್ ಅನ್ನೋ ಪುಟ್ಟ ಹೊಳೆಗೆ ಅಡ್ಡ ಏರಿ ಕಟ್ಟಿದರು. ಆ ಹೊಳೆಯೊಂದರಿಂದಲೇ ಇಷ್ಟು ನೀರು ತುಂಬುವುದಿಲ್ಲ. ವೆಲ್ಯಾಂಡ್, ನೀನ್ ಅನ್ನೋ ಎರಡು ನದಿಗಳಿಂದ ಪಂಪ್ ಮಾಡಿ ತುಂಬಿಸುತ್ತಾರೆ. ಸುತ್ತಲೂ ಸೈಕಲ್ ದಾರಿ ಇದೆ, ಪೂರ್ತಿ ಸುತ್ತಿದರೆ 37 ಕಿಲೋಮೀಟರ್. ನಾನು ಬಾಡಿಗೆ ಸೈಕಲ್ ತೆಗೆದುಕೊಂಡು ಒಂದು ಭಾಗ ಮಾತ್ರ ಓಡಿಸಿದೆ.

ನೀರಿನ ಅಂಚಿನಲ್ಲಿ ನಾರ್ಮಂಟನ್ ಚರ್ಚ್ ಇದೆ. ಜಲಾಶಯ ತುಂಬಿದರೆ ಅದೂ ಅರ್ಧ ಮುಳುಗುತ್ತಿತ್ತು. ಕೆಡವಬೇಕು ಅಂತ ಇದ್ದರಂತೆ, ಜನ ಒಪ್ಪಲಿಲ್ಲ. ಒಳಗೆ ಕೆಳಗಿನ ಅರ್ಧಕ್ಕೆ ಕಲ್ಲು, ಕಾಂಕ್ರೀಟ್ ತುಂಬಿ, ಅದರ ಮೇಲೆ ಹೊಸ ನೆಲ ಮಾಡಿದರು. ಸುತ್ತ ಕಲ್ಲಿನ ದಂಡೆ ಕಟ್ಟಿ, ಹೋಗಿ ಬರಲು ದಾರಿ ಮಾಡಿದರು. ದೂರದಿಂದ ನೋಡಿದರೆ ಚರ್ಚು ನೀರಿನ ಮೇಲೆ ಕೂತ ಹಾಗೆ ಕಾಣುತ್ತದೆ. ಆದರೆ ನೆದರ್ ಹ್ಯಾಂಬಲ್ಟನ್ ಅನ್ನೋ ಊರು ಉಳಿಯಲಿಲ್ಲ. ಮನೆಗಳನ್ನು ಕೆಡವಿ ಆಮೇಲೆ ನೀರು ಬಿಟ್ಟರು. ಗುಡ್ಡದ ಮೇಲಿದ್ದ ಅಪ್ಪರ್ ಹ್ಯಾಂಬಲ್ಟನ್ ಮಾತ್ರ ಉಳಿದಿದೆ, ಈಗ ಅದರ ಮೂರು ಕಡೆಯೂ ನೀರು. ಎಲ್ಲರೂ ಚರ್ಚಿನ ಫೋಟೋ ತೆಗೆಯುತ್ತಿದ್ದರು. ನನಗೆ ಮಾತ್ರ ಕಾಣದ ಆ ಊರಿನ ಕಡೆಗೇ ಮನಸ್ಸು ಹೋಗುತ್ತಿತ್ತು.

ಅಪ್ಪ, ಇನ್ನು ಮೀನಿನ ವಿಷಯ. ಇಲ್ಲಿ ಮುಖ್ಯವಾಗಿ ಟ್ರೌಟ್ ಹಿಡಿಯುತ್ತಾರೆ. ರೇನ್‌ಬೋ ಟ್ರೌಟ್, ಬ್ರೌನ್ ಟ್ರೌಟ್ ಎರಡನ್ನೂ ಸಾಕಿ ತಂದು ಬಿಡುತ್ತಾರೆ. ಗಾಳ ಹಾಕಲು ಸರ್ಕಾರದ ಲೈಸೆನ್ಸ್ ಬೇಕು, ಹದಿಮೂರು ವರ್ಷ ದಾಟಿದ ಮಕ್ಕಳಿಗೂ ಬೇಕು. ಅದರ ಮೇಲೆ ಜಲಾಶಯದ್ದೇ ಬೇರೆ ಟಿಕೆಟ್. ಟ್ರೌಟ್‌ಗೆ ಎರೆಹುಳ ಹಾಕೋ ಹಾಗಿಲ್ಲ. ಗಾಳದ ಕೊಕ್ಕೆಗೆ ಗರಿ, ದಾರ ಸುತ್ತಿ ಹುಳದ ಹಾಗೆ ಮಾಡಿರುತ್ತಾರೆ. ಅದಕ್ಕೆ 'ಫ್ಲೈ' ಅಂತಾರೆ.

ನನ್ನ ಆಫೀಸಿನ ಗೆಳೆಯರೊಬ್ಬರು ಜೊತೆಗೆ ಬಂದಿದ್ದರು. ಅವರಿಗೆ ಒಂದು ರೇನ್‌ಬೋ ಸಿಕ್ಕಿತು. ಮೈಯುದ್ದಕ್ಕೂ ಗುಲಾಬಿ ಪಟ್ಟೆ, ಬಾಲದ ಮೇಲೂ ಕಪ್ಪು ಚುಕ್ಕಿ. ಮೀನನ್ನು ಕೊಂದ ಮೇಲೆ ಅವರು ಒಂದು ಉದ್ದನೆಯ ತೆಳು ಚಮಚ ತೆಗೆದು, ಬಾಯಿಯೊಳಗಿಂದ ಹೊಟ್ಟೆಗೆ ಇಳಿಸಿ, ನಿಧಾನವಾಗಿ ತಿರುಗಿಸಿ ಹೊರಗೆ ಎಳೆದರು. ಅದರಲ್ಲಿ ಬಂದಿದ್ದನ್ನು ಒಂದು ಬಿಳಿ ಬಟ್ಟಲಿನ ನೀರಿಗೆ ಹಾಕಿದರು. ಕಪ್ಪಗಿನ ಪುಟ್ಟ ಪುಟ್ಟ ಹುಳ, ಅಲ್ಪವಿರಾಮದ ಹಾಗೆ ಬಾಗಿದ್ದವು. ಸೊಳ್ಳೆಯಂತೆ ಕಾಣುವ ಒಂದು ಕೀಟದ ಪ್ಯೂಪಾ, ಅಂದರೆ ರೆಕ್ಕೆ ಬರುವುದಕ್ಕೆ ಮುಂಚಿನ ರೂಪವಂತೆ. ರೆಕ್ಕೆ ಬರಲು ನೀರಿನ ಮೇಲಕ್ಕೆ ಏರುವಾಗ ಟ್ರೌಟ್ ಅವನ್ನು ನುಂಗುತ್ತದೆ. ಅವರು ಡಬ್ಬಿ ತೆರೆದು, ಅದೇ ಬಣ್ಣ, ಅದೇ ಅಳತೆಯ ಫ್ಲೈ ಹುಡುಕಿ ಕಟ್ಟಿದರು. ಮೀನು ಏನು ತಿಂದಿದೆ ಅಂತ ನೋಡಿ ಗಾಳ ಕಟ್ಟುವುದು! ನಿಮಗೆ ತೋರಿಸಬೇಕಿತ್ತು ಅಪ್ಪ. ನನಗೆ ಒಂದೂ ಸಿಗಲಿಲ್ಲ, ಆದರೂ ಮೂರು ಗಂಟೆ ಹೋಗಿದ್ದೇ ಗೊತ್ತಾಗಲಿಲ್ಲ.

ಮಧ್ಯಾಹ್ನದ ಮೇಲೆ ಲಿಂಡನ್ ಕಡೆ ಹೋದೆವು. ಅಲ್ಲಿ ಮರದ ಗುಡಿಸಲಿನ ಕಿಂಡಿಯಲ್ಲಿ ಕೂತು ಹಕ್ಕಿ ನೋಡಬಹುದು. ಎದುರಿಗೆ ನೀರಿನ ಮಧ್ಯೆ ಒಂದು ಕಂಬ, ಅದರ ಮೇಲೆ ಕಡ್ಡಿಗಳ ದೊಡ್ಡ ಗೂಡು. ಆಸ್ಪ್ರೇ ಅಂತ, ಮೀನನ್ನೇ ತಿಂದು ಬದುಕುವ ಹದ್ದು. ಮಧ್ಯ ಇಂಗ್ಲೆಂಡಿನಲ್ಲಿ ಇವು ಸುಮಾರು ನೂರೈವತ್ತು ವರ್ಷ ಗೂಡು ಕಟ್ಟಿರಲೇ ಇಲ್ಲವಂತೆ. 1996ರಿಂದ ಸ್ಕಾಟ್ಲೆಂಡಿನ ಮರಿಗಳನ್ನು ತಂದು ಇಲ್ಲಿ ಬಿಡೋಕೆ ಶುರು ಮಾಡಿದರು. 2001ರಲ್ಲಿ ಮೊದಲ ಮರಿ ಆಯಿತು. ಐದು ವರ್ಷ ಕಾದಿದ್ದಾರೆ! ಬಿಟ್ಟ ಮರಿ ವಾಪಸ್ ಬರುತ್ತದೆ ಅನ್ನೋ ಖಾತರಿಯೂ ಇಲ್ಲದೆ.

ಗುಡಿಸಲಿನಲ್ಲಿ ಹತ್ತು ಜನ ಇದ್ದರೂ ಒಬ್ಬರೂ ಮಾತಾಡುತ್ತಿರಲಿಲ್ಲ. ಗಂಡು ಹಕ್ಕಿ ಮೀನು ಹಿಡಿದು ಬಂತು. ಮೀನಿನ ತಲೆ ಮುಂದೆ, ಬಾಲ ಹಿಂದೆ, ಗಾಳಿ ತಡೆಯದ ಹಾಗೆ ನೇರವಾಗಿ ಹಿಡಿದಿತ್ತು. ಅದರ ಹೊರಬೆರಳು ಹಿಂದಕ್ಕೂ ತಿರುಗುತ್ತದೆ, ಎರಡು ಬೆರಳು ಮುಂದೆ, ಎರಡು ಹಿಂದೆ ಮಾಡಿ ಅಮುಕಿ ಹಿಡಿಯುತ್ತದೆ. ಹೆಣ್ಣು ಹಕ್ಕಿ ಚೂರು ಚೂರು ಕಿತ್ತು ಮರಿಗಳ ಬಾಯಿಗೆ ಇಟ್ಟಿತು. ಮರಿಗಳು ಆಗಲೇ ಅಮ್ಮನಷ್ಟೇ ದೊಡ್ಡದಾಗಿವೆ, ಗೂಡಿನ ಅಂಚಿನಲ್ಲಿ ನಿಂತು ಸುಮ್ನೆ ರೆಕ್ಕೆ ಬಡಿಯುತ್ತಿದ್ದವು.

ಪಕ್ಕದಲ್ಲಿ ಕೂತಿದ್ದ ಸ್ವಯಂಸೇವಕಿ ಮೆಲ್ಲಗೆ ಒಂದು ವಿಷಯ ಹೇಳಿದರು. ಬೇಸಿಗೆ ಮುಗಿಯುವ ಹೊತ್ತಿಗೆ ಸಾಮಾನ್ಯವಾಗಿ ತಾಯಿಯೇ ಮೊದಲು ಹೊರಡುತ್ತದಂತೆ. ಅಪ್ಪ ಹಕ್ಕಿ ಉಳಿದು ಮರಿಗಳಿಗೆ ಮೀನು ತಂದು ಕೊಡುತ್ತದೆ. ಆಮೇಲೆ ಒಂದೊಂದು ಮರಿಯೂ ಒಂಟಿಯಾಗಿ ಪಶ್ಚಿಮ ಆಫ್ರಿಕಾಕ್ಕೆ ಹಾರುತ್ತದೆ, ಸುಮಾರು ಐದು ಸಾವಿರ ಕಿಲೋಮೀಟರ್. ದಾರಿ ತೋರಿಸುವವರು ಯಾರೂ ಇಲ್ಲ. ಬದುಕಿದ್ದರೆ ಸಾಮಾನ್ಯವಾಗಿ ಎರಡು ವರ್ಷ ಬಿಟ್ಟು ಹುಟ್ಟಿದ ಕಡೆಗೆ ಬರುತ್ತದೆ. ಅಮ್ಮ, ಇದನ್ನು ಕೇಳಿದಾಗ ನನಗೆ ಗಂಟಲು ಕಟ್ಟಿತು. ಸ್ವಲ್ಪ ಹೊತ್ತು ದುರ್ಬೀನು ಕೆಳಗೆ ಇಳಿಸಲೇ ಇಲ್ಲ.

ಆ ಗೂಡಿಗೆ ಕ್ಯಾಮೆರಾ ಇಟ್ಟಿದ್ದಾರೆ, ಇಂಟರ್ನೆಟ್‌ನಲ್ಲಿ ಲೈವ್ ಬರುತ್ತದೆ. ಲಿಂಕನ್ನು ಅಪ್ಪನ ಫೋನಿಗೆ ಕಳಿಸಿದ್ದೇನೆ. ನಿಮಗೆ ಬೆಳಿಗ್ಗೆ ಒಂಬತ್ತೂವರೆ ಆದಾಗ ಇಲ್ಲಿ ಐದು ಗಂಟೆ, ಈಗ ಆ ಹೊತ್ತಿಗೇ ಬೆಳಕಾಗಿರುತ್ತದೆ. ಮರಿಗಳು ಹಾರುವುದಕ್ಕೆ ಇನ್ನು ಜಾಸ್ತಿ ದಿನ ಇಲ್ಲ. ಈ ವಾರ ದಿನಾ ಒಂದು ಸಲ ನೋಡಿ. ನಾನೂ ಆಫೀಸಿಗೆ ಹೊರಡುವ ಮುಂಚೆ ನೋಡುತ್ತಿರುತ್ತೇನೆ. ಮರಿ ಹಾರಿದ್ದನ್ನು ಯಾರು ಮೊದಲು ನೋಡಿದರೂ ಇನ್ನೊಬ್ಬರಿಗೆ ತಕ್ಷಣ ಫೋನ್ ಮಾಡೋಣ.

ನಿಮ್ಮ ಪ್ರೀತಿಯ ಮಗಳು