ರಕ್ಷಣಾ ಸಚಿವರೇ, ಕೊಂಡ ಬೆಲೆ ಗೊತ್ತಾಯಿತು, ಸಾಕುವ ಖರ್ಚು ಎಷ್ಟು?

ಮಾನ್ಯ ರಕ್ಷಣಾ ಸಚಿವರಿಗೆ,

ನಮಸ್ಕಾರ. ಹೊಸ ಯುದ್ಧವಿಮಾನ ಬಂದಿಳಿದ ದಿನ ಫೋಟೊ ತೆಗೆಸಿಕೊಳ್ಳುತ್ತೀರಿ. ತಪ್ಪೇನಿಲ್ಲ. ಆದರೆ ಅದೇ ವಿಮಾನ ಹತ್ತು ವರ್ಷ ಕಳೆದು, ಒಂದು ಸಣ್ಣ ವಾಲ್ವ್ ಸಿಗದೆ ಹ್ಯಾಂಗರ್‌ನಲ್ಲಿ ಕೂತಾಗ ಯಾರೂ ಆ ಕಡೆ ಸುಳಿಯುವುದಿಲ್ಲ, ಅಲ್ವಾ?

ಖರೀದಿ ಘೋಷಿಸುವಾಗ ಅದನ್ನು ಕೊನೆಯವರೆಗೆ ಸಾಕುವ ಖರ್ಚನ್ನೂ ಅದೇ ಹಾಳೆಯಲ್ಲಿ ಯಾಕೆ ಹೇಳುವುದಿಲ್ಲ?

ಅಮೆರಿಕದ ಎಫ್-35 ನೋಡಿ. ಅಲ್ಲಿನ ಸಂಸತ್ತಿಗೆ ಲೆಕ್ಕ ಒಪ್ಪಿಸುವ ಸಂಸ್ಥೆ ಜಿಎಒ 2024ರಲ್ಲಿ ಹೇಳಿದ ಪ್ರಕಾರ, ಈ ಯುದ್ಧವಿಮಾನಗಳನ್ನು ಅವುಗಳ ಪೂರ್ತಿ ಆಯುಷ್ಯ ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದಕ್ಕೇ ಅಂದಾಜು 1.58 ಲಕ್ಷ ಕೋಟಿ ಡಾಲರ್ ಬೇಕು. 2018ರಲ್ಲಿ ಅದು 1.1 ಲಕ್ಷ ಕೋಟಿ ಇತ್ತು. ಖರ್ಚಿನ ಲೆಕ್ಕ ಇಷ್ಟಿದ್ದರೂ 2023ರ ಮಾರ್ಚ್‌ನಲ್ಲಿ ಕೆಲಸಕ್ಕೆ ಸಿದ್ಧವಿದ್ದದ್ದು ಸುಮಾರು ಶೇ 55. ಸ್ಪೇರ್ ಸಾಲದು, ರಿಪೇರಿ ಡಿಪೊಗಳನ್ನು ಶುರು ಮಾಡಿದ್ದೂ ತಡವಾಗಿ, 10,000ಕ್ಕೂ ಜಾಸ್ತಿ ಭಾಗಗಳು ರಿಪೇರಿಗೆ ಸಾಲುಗಟ್ಟಿದ್ದವು. ಇದೆಲ್ಲಕ್ಕಿಂತ ನನಗೆ ಸಿಟ್ಟು ಬರುವ ವಿಷಯ ಇನ್ನೊಂದಿದೆ: ಬೇಕಾದ ತಾಂತ್ರಿಕ ಮಾಹಿತಿಯೇ ಸೇನೆಯ ಬಳಿ ಪೂರ್ತಿ ಇರಲಿಲ್ಲ, ಹಾಗಾಗಿ ಕೈ ಪಳಗಿದ ಮೆಕ್ಯಾನಿಕ್ ತಾನೇ ಸರಿ ಮಾಡುತ್ತೇನೆ ಅಂದರೂ ಎಷ್ಟೋ ಕೆಲಸಕ್ಕೆ ಕಂಪನಿಯ ದಾರಿ ಕಾಯಬೇಕು. ಡ್ರಾಯಿಂಗ್, ಕೈಪಿಡಿ, ರಿಪೇರಿ ಹಕ್ಕು ಇವನ್ನೆಲ್ಲ ಸಹಿ ಹಾಕುವ ಮೊದಲು ಕೇಳಬೇಕು. ಆಮೇಲೆ ಅವರು ಹೇಳಿದ್ದೇ ರೇಟು.

ಹತ್ತಿಪ್ಪತ್ತು ವರ್ಷದಲ್ಲಿ ಮುಗಿಯುವ ಬಾಬತ್ತೂ ಅಲ್ಲ ಇದು. ಅಮೆರಿಕದ್ದೇ ಬಿ-52 ಬಾಂಬರ್ ವಿಮಾನಗಳಲ್ಲಿ ಕೊನೆಯದು ತಯಾರಾದದ್ದು 1962ರಲ್ಲಿ. ಎಂಜಿನ್ ಬದಲಿಸಿ 2050ರ ದಶಕದವರೆಗೂ ಹಾರಿಸುವ ಯೋಜನೆ ಇದೆ. ಅಷ್ಟರಲ್ಲಿ ಬಿಡಿಭಾಗ ಮಾಡುತ್ತಿದ್ದ ಎಷ್ಟು ಕಾರ್ಖಾನೆಗಳು ಮುಚ್ಚಿರುತ್ತವೋ!

ಸ್ಪೇರ್ ಇಲ್ಲದಿದ್ದರೆ ಏನಾಗುತ್ತದೆ ನಿಮಗೂ ಗೊತ್ತು. ಒಂದು ಟ್ಯಾಂಕಿನ ಭಾಗ ಕಿತ್ತು ಇನ್ನೊಂದಕ್ಕೆ ಹಾಕುತ್ತಾರೆ. ಬಿಚ್ಚುವ ಕೆಲಸ ಎರಡು ಸಲ, ಬಿಚ್ಚುವಾಗ ಮುರಿಯುವ ಭಯ ಬೇರೆ. ಲೆಕ್ಕದಲ್ಲಿ ಮಾತ್ರ ಎರಡೂ ಟ್ಯಾಂಕ್ 'ಇವೆ'.

ಕೊನೆಗೆ ಗುಜರಿಯ ಮಾತು. ಬ್ರಿಟನ್ 1980ರಿಂದ 20 ಅಣುಶಕ್ತಿ ಸಬ್‌ಮರೀನ್‌ಗಳನ್ನು ಸೇವೆಯಿಂದ ಇಳಿಸಿತು. 2019ರಲ್ಲಿ ಅಲ್ಲಿನ ಲೆಕ್ಕ ತಪಾಸಕರು ನೋಡಿದಾಗ ಒಂದನ್ನೂ ಪೂರ್ತಿ ಕಳಚಿರಲಿಲ್ಲ. ಸುಮ್ನೆ ನಿಲ್ಲಿಸಿ ಕಾಯುವುದಕ್ಕೇ ಅಷ್ಟರಲ್ಲಿ 50 ಕೋಟಿ ಪೌಂಡ್ ಹೋಗಿತ್ತು.

ಮುಂದಿನ ಖರೀದಿ ಪಟ್ಟಿ ಸದನಕ್ಕೆ ತರುವಾಗ ಬೆಲೆಯ ಪಕ್ಕದಲ್ಲಿ ಇನ್ನೂ ಮೂರು ಕಾಲಂ ಹಾಕಿಸಿ: ಸಾಕುವ ಖರ್ಚು, ರಿಪೇರಿ ಹಕ್ಕು ಯಾರದು, ಕಳಚುವ ಖರ್ಚು. ಈಗಾಗಲೇ ಇರುವವುಗಳಲ್ಲಿ ಎಷ್ಟು ಕೆಟ್ಟು ನಿಂತಿವೆ ಅನ್ನುವುದನ್ನು ಗುಟ್ಟು ಅಂತೀರಾದರೆ, ಸಂಸದೀಯ ಸಮಿತಿಗಾದರೂ ಬಾಗಿಲು ಹಾಕಿಕೊಂಡು ಹೇಳಿ.

ಇಂತಿ,
ತೆರಿಗೆ ಕಟ್ಟುವ ಒಬ್ಬ ನಾಗರಿಕ