ಮರೆವಿನಲ್ಲಿ ಮುಗಿದ ಮದುವೆ: ಗೆಳೆಯನಿಗೊಂದು ಪತ್ರ

ವಿಜಯನಗರ, ಬೆಂಗಳೂರು

ಪ್ರಿಯ ಗೆಳೆಯ,

ಆ ಸ್ಪೈಡರ್‌ಮ್ಯಾನ್ ಕಾಮಿಕ್ಸ್‌ನ ಮೂರು ಕಂತುಗಳನ್ನು ಅಷ್ಟೊಂದು ಹೊಗಳಿದವನು ನಾಲ್ಕನೆಯದರ ಬಗ್ಗೆ ಯಾಕೆ ತುಟಿ ಬಿಚ್ಚುತ್ತಿಲ್ಲ ಎಂದು ಭಾನುವಾರ ಫೋನಿನಲ್ಲಿ ಕೇಳಿದೆಯಲ್ಲ, ಆಗ ನಾನು ಅದನ್ನು ಓದಿ ಮುಗಿಸಿ ಒಂದು ಗಂಟೆಯೂ ಆಗಿರಲಿಲ್ಲ. ಮಾತಾಡಿದ್ದರೆ ಬರೀ ಸಿಟ್ಟು ಹೊರಬರುತ್ತಿತ್ತು. ಈಗ ಅದು ಸ್ವಲ್ಪ ಆರಿದೆ. ಪೂರ್ತಿ ಆರುವ ಮೊದಲೇ ಬರೆದುಬಿಡುತ್ತೇನೆ.

ಸ್ಪೈಡರ್‌ಮ್ಯಾನ್‌ನ ‘ಒನ್ ಮೋರ್ ಡೇ’ 2007ರಲ್ಲಿ ನಾಲ್ಕು ಕಂತುಗಳಲ್ಲಿ ಬಂದ ಚಿತ್ರಕಥೆ. ನಾಲ್ಕೂ ಸೇರಿದ ಪುಸ್ತಕ ನನಗೆ ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದಂಗಡಿಯೊಂದರಲ್ಲಿ ಸಿಕ್ಕಿತು. ಎಂ.ಜಿ. ರಸ್ತೆಯಲ್ಲಿ ಮೆಟ್ರೊ ಹತ್ತಿ ವಿಜಯನಗರದಲ್ಲಿ ಇಳಿಯುವಷ್ಟರಲ್ಲಿ ಮೊದಲೆರಡು ಕಂತು ಮುಗಿದಿದ್ದವು. ಈ ಕಥೆ ಬರುವ ಹಿಂದಿನ ವರ್ಷ ಪೀಟರ್ ಪಾರ್ಕರ್, ತಾನೇ ಸ್ಪೈಡರ್‌ಮ್ಯಾನ್ ಎಂದು ಲೋಕದೆದುರು ಮುಖವಾಡ ತೆಗೆದಿದ್ದ. ಅದರ ಫಲವಾಗಿ ಪಾತಕಲೋಕದ ದೊರೆ ಕಿಂಗ್‌ಪಿನ್ ಕಳಿಸಿದ ಬಂದೂಕುಗಾರನ ಗುಂಡು ಅವನನ್ನು ತಪ್ಪಿ ಮೇ ಪಾರ್ಕರ್‌ಗೆ ತಗುಲಿದೆ. ಇಂಗ್ಲಿಷಿನಲ್ಲಿ ಆಕೆ ಬರೀ ‘ಆಂಟ್ ಮೇ’. ಆದರೆ ಆಕೆಯ ಗಂಡ ಬೆನ್ ಪಾರ್ಕರ್ ಪೀಟರ್‌ನ ತಂದೆಯ ಅಣ್ಣನಾದ್ದರಿಂದ ನಮ್ಮ ಲೆಕ್ಕದಲ್ಲಿ ದೊಡ್ಡಮ್ಮ, ಸಾಕಿ ಬೆಳೆಸಿದವಳು. ಐರನ್ ಮ್ಯಾನ್ ಆದ ಸಿರಿವಂತ ಟೋನಿ ಸ್ಟಾರ್ಕ್‌ನ ಹಣ, ಮಾಂತ್ರಿಕ ಡಾಕ್ಟರ್ ಸ್ಟ್ರೇಂಜ್‌ನ ಮಂತ್ರ, ಯಾವುದರಿಂದಲೂ ಆಕೆಯನ್ನು ಉಳಿಸಲಾಗುವುದಿಲ್ಲ. ಗೋಡೆ ಹತ್ತಬಲ್ಲವನೊಬ್ಬ, ಇಲ್ಲಿನ ದೊಡ್ಡಾಸ್ಪತ್ರೆಗಳ ಹೊರಗೆ ರಾತ್ರಿಯಿಡೀ ಟವೆಲ್ ಹಾಸಿಕೊಂಡು ಕಾಯುವ ಮನೆಮಂದಿಯಂತೆ, ಕಂಡವರನ್ನೆಲ್ಲ ಬೇಡುತ್ತ ಅಲೆಯುವ ಆ ಪುಟಗಳನ್ನು ನಾನು ಈಗಲೂ ಹೊಗಳುತ್ತೇನೆ.

ಆಮೇಲೆ ಸೈತಾನನಂಥ ಮೆಫಿಸ್ಟೋ ಬರುತ್ತಾನೆ. ಅವನಿಗೆ ಪೀಟರ್‌ನ ಆತ್ಮ ಬೇಡ, ಪೀಟರ್ ಮತ್ತು ಮೇರಿ ಜೇನ್‌ರ ಮದುವೆ ಬೇಕು. ದೊಡ್ಡಮ್ಮ ಬದುಕಬೇಕಾದರೆ ಆ ಮದುವೆ ನಡೆದೇ ಇಲ್ಲವೆಂಬಂತೆ ಲೋಕ ಬದಲಾಗಬೇಕು, ಅವರಿಬ್ಬರ ನೆನಪೂ ಅಳಿಯಬೇಕು.

ಈ ವ್ಯಾಪಾರವೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಸಾವಿನ ಎದುರು ಚೌಕಾಸಿಗೆ ನಿಲ್ಲುವ ಕಥೆ ನಮಗೇನು ಹೊಸತಲ್ಲ. ಆದರೆ ಸಾವಿತ್ರಿ ಯಮನ ಹಿಂದೆ ನಡೆದು, ಮಾವನ ಕಣ್ಣು, ಕಳೆದುಹೋದ ರಾಜ್ಯ, ಕೊನೆಗೆ ತನಗೆ ನೂರು ಮಕ್ಕಳು ಎಂದು ಒಂದೊಂದೇ ವರ ಕೇಳುತ್ತ, ಯಮ ತನ್ನ ಮಾತಿನಲ್ಲೇ ಸಿಕ್ಕಿಬೀಳುವಂತೆ ಮಾಡುತ್ತಾಳೆ. ಇಲ್ಲಿಯ ಇಬ್ಬರು ಹೊತ್ತು ನೋಡುತ್ತ ಕೂತು, ಕಣ್ಣೀರು ಹಾಕಿ, ಮಧ್ಯರಾತ್ರಿಗೆ ಒಪ್ಪಿಬಿಡುತ್ತಾರೆ. ರಾತ್ರಿ ಊಟದ ಹೊತ್ತಿಗೆ ಅಮ್ಮನಿಗೆ ಈ ಕಥೆ ಹೇಳಿದೆ. ಸಾರಿಗೆ ಒಗ್ಗರಣೆ ಹಾಕುತ್ತಿದ್ದವರು ಸೌಟು ಹಿಡಿದೇ ತಿರುಗಿ, “ಆ ಮುದುಕಿಗೆ ಎಚ್ಚರವಿದ್ದಿದ್ದರೆ ಇದಕ್ಕೆ ಒಪ್ಪುತ್ತಿದ್ದಳೇನೋ?” ಎಂದು ಕೇಳಿದರು. ಒಂದು ಇಡೀ ಅಧ್ಯಾಯ ಎತ್ತದ ಪ್ರಶ್ನೆ ಅದು.

ಕೊನೆಯ ಕಂತಿನಲ್ಲಿ ನನಗೆ ಹಿಡಿಸಿದ ಚೌಕಟ್ಟು ಒಂದೇ ಒಂದು. ಮೇರಿ ಜೇನ್ ಮೆಫಿಸ್ಟೋನ ಕಿವಿಯಲ್ಲಿ ಏನನ್ನೋ ಪಿಸುಗುಟ್ಟುತ್ತಾಳೆ. ಅದೇನೆಂದು ಆ ಪುಟ ನಮಗೆ ಹೇಳುವುದಿಲ್ಲ. ಅದಾದ ಮೇಲೆ ಪೀಟರ್ ದೊಡ್ಡಮ್ಮನ ಮನೆಯಲ್ಲಿ ಎದ್ದು, 1993ರಲ್ಲಿ ಸತ್ತಿದ್ದ ಗೆಳೆಯ ಹ್ಯಾರಿ ಆಸ್ಬೋರ್ನ್‌ನ ಪಾರ್ಟಿಗೆ ಹೋಗುತ್ತಾನೆ. ಎಲ್ಲರೂ ನಗುತ್ತಿದ್ದಾರೆ, ಗ್ಲಾಸು ಎತ್ತುತ್ತಿದ್ದಾರೆ. ಮುಖವಾಡದ ಹಿಂದೆ ಇರುವವನು ಯಾರೆಂದು ಲೋಕವೂ ಮರೆತಿದೆ. ಆತ್ಮದ ಸಣ್ಣದೊಂದು ಮೂಲೆ ಮಾತ್ರ ಎಲ್ಲವನ್ನೂ ನೆನಪಿಟ್ಟುಕೊಂಡು ಚೀರುತ್ತಲೇ ಇರುತ್ತದೆ, ಅದೇ ತನಗೆ ಸಂತೋಷ ಎಂದು ಮೆಫಿಸ್ಟೋ ಮೊದಲೇ ಹೇಳಿದ್ದ. ಆ ಚೀರು ಎಲ್ಲಿದೆ ಎಂದು ಪಾರ್ಟಿಯ ಪುಟಗಳನ್ನು ಎರಡು ಸಲ ತಿರುವಿ ನೋಡಿದೆ. ಒಂದು ಮುಖದಲ್ಲೂ ಅದರ ನೆರಳಿಲ್ಲ. ಪುಸ್ತಕದ ಹಳೆಯ ಒಡೆಯ ಯಾರೋ ಕೊನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಕಾಗದ ಹರಿಯುವಷ್ಟು ಒತ್ತಿ ತಿದ್ದಿದ್ದಾನೆ.

ನನ್ನ ತಕರಾರು ಇಷ್ಟೇ: ಇದು ಮರೆಯಲಾಗದವನ ಕಥೆ. 1962ರ ಮೊದಲ ಕಥೆಯಲ್ಲೇ, ತಾನು ತಡೆಯಬಹುದಾಗಿದ್ದ ಕಳ್ಳನನ್ನು ತನಗೇಕೆಂದು ಬಿಟ್ಟುಬಿಟ್ಟಿದ್ದಕ್ಕೆ ದೊಡ್ಡಪ್ಪನನ್ನು ಕಳೆದುಕೊಂಡ ಹುಡುಗ ಇವನು. ಆ ನೆನಪೊಂದೇ ಅವನನ್ನು ದಿನವೂ ಕಿಟಕಿಯಿಂದ ಹೊರಗೆ ನೂಕುವುದು. 1973ರಲ್ಲಿ ಅವನ ಪ್ರೇಯಸಿ ಗ್ವೆನ್ ಸ್ಟೇಸಿ ಸೇತುವೆಯಿಂದ ಬೀಳುವಾಗ ಅವನ ಬಲೆ ಅವಳನ್ನು ಹಿಡಿಯುತ್ತದೆ, ಅವಳ ಕುತ್ತಿಗೆಯ ಪಕ್ಕದಲ್ಲೇ ‘ಸ್ನ್ಯಾಪ್’ ಎಂದು ಸಣ್ಣ ಅಕ್ಷರಗಳಲ್ಲಿ ಬರೆದಿದೆ. ಆ ಒಂದು ಪದವನ್ನು ಅವನು ಎಷ್ಟು ವರ್ಷ ಹೊತ್ತು ತಿರುಗಿದ! ಅಷ್ಟೇಕೆ, ಮೇ ಪಾರ್ಕರ್‌ಳ ಸಾವನ್ನೇ 1995ರಲ್ಲಿ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಸರಣಿಯ 400ನೇ ಸಂಚಿಕೆಯಲ್ಲಿ ಒಮ್ಮೆ ಬರೆದಾಗಿತ್ತು, ಅದೂ ಎಷ್ಟು ಚೆನ್ನಾಗಿ: ನೀನು ಯಾರೆಂದು ನನಗೆ ಗೊತ್ತಿತ್ತು ಎಂದು ಹೇಳಿ ಆಕೆ ಸಮಾಧಾನದಿಂದ ಹೋಗುತ್ತಾಳೆ. (ಸತ್ತವಳು ವೇಷ ಹಾಕಿದ್ದ ನಟಿ ಎಂದು ಮೂರು ವರ್ಷಗಳ ನಂತರ ಅದನ್ನೂ ಅಳಿಸಿದರು. ಅದರ ಬಗ್ಗೆ ಬರೆಯತೊಡಗಿದರೆ ಈ ಪತ್ರ ಮುಗಿಯುವುದಿಲ್ಲ.)

ಆಗ ಪ್ರಕಾಶನ ಸಂಸ್ಥೆ ಮಾರ್ವೆಲ್‌ನ ಪ್ರಧಾನ ಸಂಪಾದಕರಾಗಿದ್ದ ಜೋ ಕ್ವೆಸಾಡಾ, ಈ ಕಥೆಗೆ ಚಿತ್ರ ಬರೆದವರೂ ಅವರೇ, ಮದುವೆಯಾದ ಸ್ಪೈಡರ್‌ಮ್ಯಾನ್‌ಗೆ ವಯಸ್ಸಾದಂತೆ ಕಾಣುತ್ತದೆ, ವಿಚ್ಛೇದನ ಕೊಡಿಸಿದರೆ ಇನ್ನಷ್ಟು ವಯಸ್ಸಾಗುತ್ತದೆ ಎಂದು ವಾದಿಸಿದ್ದರು. ವ್ಯಾಪಾರದ ದೃಷ್ಟಿಯಿಂದ ಆ ಮಾತನ್ನು ನಾನು ಒಪ್ಪಲೂಬಹುದು. ಆದರೆ 1987ರಲ್ಲಿ ಆದ ಮದುವೆ ಇಪ್ಪತ್ತು ವರ್ಷ ನಡೆದಿತ್ತು. ಜಗಳವಾಡಿ ಬೇರೆಯಾಗಿದ್ದರೂ ಅವರಿಬ್ಬರೂ ಅದರ ಭಾರವನ್ನು ತಾವೇ ಹೊರುತ್ತಿದ್ದರು. ಈ ಮುಕ್ತಾಯದಲ್ಲಿ ಬೆಲೆ ತೆತ್ತವರಿಗೆ ತೆತ್ತದ್ದೇ ಗೊತ್ತಿಲ್ಲ, ಪುಸ್ತಕ ಮುಚ್ಚಿದ ನಾವು ಮಾತ್ರ ಸೂತಕದಲ್ಲಿ ಕೂತಿದ್ದೇವೆ. 2001ರಿಂದ ಈ ಸರಣಿಯನ್ನು ಬರೆದುಕೊಂಡು ಬಂದಿದ್ದ ಜೆ. ಮೈಕೆಲ್ ಸ್ಟ್ರಾಜಿನ್ಸ್ಕಿ ಕೊನೆಯ ಎರಡು ಕಂತುಗಳಿಂದ ತಮ್ಮ ಹೆಸರನ್ನೇ ತೆಗೆಸಲು ಹೊರಟಿದ್ದರು, ಕ್ವೆಸಾಡಾ ಅವರನ್ನು ಒಪ್ಪಿಸಿ ಉಳಿಸಿಕೊಂಡರು. ಆ ಸಂಗತಿ ತಿಳಿದಮೇಲೆ ಬರೆದವನ ಮೇಲಿದ್ದ ನನ್ನ ಸಿಟ್ಟು ಅರ್ಧ ಇಳಿಯಿತು.

ನೀನು ಬರುವ ತಿಂಗಳು ಬಂದಾಗ ಪುಸ್ತಕ ಕೊಡುತ್ತೇನೆ. ಮೂರನೆಯ ಕಂತಿನ ಕೊನೆಯಲ್ಲಿ ಒಂದು ಬಸ್ ಟಿಕೆಟ್ ಇಟ್ಟಿದ್ದೇನೆ. ಬೇಕಾದರೆ ಅಲ್ಲಿಗೇ ನಿಲ್ಲಿಸು.

ಇಂತಿ ನಿನ್ನ,
ಗೆಳೆಯ